ಒದೆತಕ್ಕಿಂತ ಮೊದಲೇ ಹೊರಡುವ ಗುಂಡು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಬಂದೂಕಿನದೇ ಮಾತು. ಕೆಲವರಿಗೆ ಹಂದಿಯ ಕಾಟ, ಕೆಲವರಿಗೆ ಹೆಗಲ ನೋವು, ಇನ್ನು ಕೆಲವರಿಗೆ ಬೇಟೆಯ ಆಸೆ. ಎಲ್ಲರ ಪತ್ರಗಳಲ್ಲೂ ಒಂದು ಪದ ಸಾಮಾನ್ಯ: ಒದೆತ. ಬಂದೂಕು ಹಿಂದಕ್ಕೆ ಒದೆಯುತ್ತದೆ, ಏನು ಮಾಡಬೇಕು? ಪತ್ರ ಬರೆದವರ ಹೆಸರುಗಳನ್ನು ಬಿಟ್ಟು, ಪ್ರಶ್ನೆಗಳನ್ನಷ್ಟೇ ಇಟ್ಟುಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಸರ್, ನಮ್ಮ ಹೊಲದಾಗ ಹಂದಿ ಕಾಟ ಭಾಳ ಐತ್ರಿ. ಪರವಾನಗಿ ತಗೊಂಡು ಹನ್ನೆರಡು ಬೋರಿನ ಒಂಟಿ ನಳಿಕೆ ಬಂದೂಕು ತಂದೀನಿ. ಮೊದಲನೇ ಸಲ ಹಾರಿಸಿದಾಗ ಹೆಗಲು ಕಪ್ಪಗೆ ಕಂದಿತು, ಎರಡು ದಿನ ಕೈ ಎತ್ತಾಕ ಆಗಲಿಲ್ಲ. ಬಂದೂಕೇ ಸರಿ ಇಲ್ಲೋ, ನಾನು ಹಿಡಿಯೋದು ಸರಿ ಇಲ್ಲೋ?
— ರೈತ, ಕುಷ್ಟಗಿ ತಾಲ್ಲೂಕು

ಉತ್ತರ: ಬಹುಮಟ್ಟಿಗೆ ಹಿಡಿತದ್ದೇ ತಪ್ಪು. ಮೊದಲು ಒದೆತ ಎಷ್ಟಿರುತ್ತದೆಂದು ತಿಳಿಯೋಣ. ಸಾಮಾನ್ಯ ಹನ್ನೆರಡು ಬೋರಿನ ತೋಟಾದಲ್ಲಿ 32 ಗ್ರಾಂ ಚರೆ ಇದ್ದು, ಅದು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಜೊತೆಗೆ ಮದ್ದಿನ ಅನಿಲವೂ ನುಗ್ಗುತ್ತದೆ. ಮುಂದಕ್ಕೆ ಹೋದದ್ದಕ್ಕೆ ಸಮನಾಗಿ ಬಂದೂಕು ಹಿಂದಕ್ಕೆ ಬರಲೇಬೇಕು. 3 ಕೆ.ಜಿ. ತೂಕದ ಬಂದೂಕಾದರೆ ಅದು ಸೆಕೆಂಡಿಗೆ ನಾಲ್ಕೂವರೆ ಮೀಟರಿನಷ್ಟು ವೇಗದಲ್ಲಿ ನಿಮ್ಮ ಹೆಗಲ ಕಡೆ ಬರುತ್ತದೆ. 3 ಕೆ.ಜಿ. ತೂಕದ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಶಕ್ತಿ ಅದು. ಗಟ್ಟಿಮುಟ್ಟಾದ ಮನುಷ್ಯ ತಡೆಯಬಹುದಾದ ಶಕ್ತಿಯೇ. ಆದರೆ ಅದನ್ನು ಹೆಗಲ ಮೇಲೆ ಹೊರುವುದು ಬೇರೆ, ಹೆಗಲಿಗೆ ಬಡಿಸಿಕೊಳ್ಳುವುದು ಬೇರೆ.

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹಮಾಲರು ಚೀಲ ಹೊರುವುದನ್ನು ನೋಡಿದ್ದೀರಿ. ಚೀಲ ಬೆನ್ನಿಗೆ ಅಂಟಿಕೊಂಡಿದ್ದರೆ ಅದು ಭಾರ ಮಾತ್ರ. ಅದೇ ಚೀಲ ಒಂದು ಗೇಣು ಮೇಲಿಂದ ಬೆನ್ನ ಮೇಲೆ ಬಿದ್ದರೆ ಏಟು. ಬಂದೂಕಿನ ಕಥೆಯೂ ಇಷ್ಟೇ. ಬಂದೂಕಿನ ಹಿಂತುದಿಯಾದ ಬಟ್ಟಿಗೂ ಹೆಗಲಿಗೂ ನಡುವೆ ಒಂದು ಬೆರಳು ಸಂದಿದ್ದರೂ ಬಂದೂಕು ಓಡಿಬಂದು ಬಡಿಯುತ್ತದೆ. ಸಂದಿಲ್ಲದಿದ್ದರೆ ದೇಹವನ್ನೇ ಜೊತೆಗೆ ತಳ್ಳುತ್ತದೆ, ಕಪ್ಪಾಗುವುದಿಲ್ಲ. ಹೊಸಬರು ಒದೆತಕ್ಕೆ ಹೆದರಿ ಬಟ್ಟನ್ನು ಹೆಗಲಿನಿಂದ ತುಸು ದೂರ ಹಿಡಿಯುತ್ತಾರೆ. ಹೆದರಿಕೆಯಿಂದ ಬಿಟ್ಟ ಆ ಸಂದಿಯೇ ಅವರಿಗೆ ಪೆಟ್ಟು ಕೊಡುತ್ತದೆ.

ಬಲಗೈಯವರಾದರೆ ಹೀಗೆ ಮಾಡಿ. ಎಡಗಾಲು ಅರ್ಧ ಹೆಜ್ಜೆ ಮುಂದಿರಲಿ, ಮೈಭಾರ ಮುಂಗಾಲಿನ ಮೇಲೆ ಬರಲಿ, ಮೊಣಕಾಲು ತುಸು ಸಡಿಲವಿರಲಿ. ಹಿಂದಕ್ಕೆ ಬಾಗಿ ನಿಂತರೆ ಒದೆತ ನಿಮ್ಮನ್ನು ಇನ್ನೂ ಹಿಂದಕ್ಕೆ ಕೊಂಡೊಯ್ಯುತ್ತದೆ. ಬಲಮೊಣಕೈಯನ್ನು ಎತ್ತಿ ಹಿಡಿದರೆ ಕೊರಳೆಲುಬಿನ ಕೆಳಗೆ, ಎದೆಗೂ ತೋಳಿಗೂ ನಡುವೆ ಒಂದು ಮೆತ್ತನೆಯ ತಗ್ಗು ಮೂಡುತ್ತದೆ. ಬಟ್ ಕೂರಬೇಕಾದದ್ದು ಅಲ್ಲಿ, ತೋಳಿನ ಎಲುಬಿನ ಮೇಲಲ್ಲ, ಕೊರಳೆಲುಬಿನ ಮೇಲೂ ಅಲ್ಲ. ನಿಮ್ಮ ಹೆಗಲು ಕಂದಿದ ಜಾಗ ತೋಳಿನ ಮೇಲಿದ್ದರೆ ತಪ್ಪು ಎಲ್ಲಾಯಿತೆಂದು ತಾನಾಗಿಯೇ ಗೊತ್ತಾಗುತ್ತದೆ. ತಲೆಯನ್ನು ಬಂದೂಕಿಗೆ ಬಗ್ಗಿಸಬೇಡಿ, ಬಂದೂಕನ್ನು ಕೆನ್ನೆಗೆ ತನ್ನಿ. ಕೆನ್ನೆ ಮರಕ್ಕೆ ಒತ್ತಿರಲಿ. ಕೆನ್ನೆ ಎತ್ತಿದರೆ ಬಂದೂಕು ಮೇಲೆದ್ದು ಬಂದು ದವಡೆಗೆ ಬಡಿಯುತ್ತದೆ. ಎಡಗೈಯಿಂದ ಮುಂಭಾಗವನ್ನು ಹಿಂದಕ್ಕೆ ಎಳೆದಂತೆ ಹಿಡಿಯಿರಿ. ಅದು ಹೆಗಲಿನಲ್ಲಿ ನೆಟ್ಟಗೆ ಕೂರಲು ಅಷ್ಟು ಸಾಕು.

ತೋಟಾದ ವಿಷಯವನ್ನೂ ನೋಡಿ. ಒಲಿಂಪಿಕ್ ಟ್ರ್ಯಾಪ್ ಶೂಟಿಂಗ್‌ನವರು 24 ಗ್ರಾಂಗಿಂತ ಹೆಚ್ಚಿನ ಚರೆ ಬಳಸುವಂತಿಲ್ಲ. ಅರ್ಹತಾ ಸುತ್ತಿನಲ್ಲಿ ಅವರು 125 ಗುರಿಗಳಿಗೆ ಹಾರಿಸುತ್ತಾರೆ. ಬಂದೂಕು ಅದೇ ಇದ್ದು, 32 ಗ್ರಾಂ ಬದಲು 24 ಗ್ರಾಂ ಬಳಸಿದರೆ ಒದೆತದ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಕಲಿಯುವ ದಿನಗಳಲ್ಲಿ ಹಗುರ ತೋಟಾ ಸಿಕ್ಕರೆ ಅದನ್ನೇ ಬಳಸಿ. ಬಟ್ಟಿನ ಹಿಂದಿನ ರಬ್ಬರ್ ಒಣಗಿ ಕಲ್ಲಾಗಿದ್ದರೆ ಪರವಾನಗಿ ಇರುವ ರಿಪೇರಿಯವರ ಬಳಿ ಬದಲಾಯಿಸಿಕೊಳ್ಳಿ. ಹೆಗಲ ಮೇಲೆ ಮಡಚಿದ ಟವೆಲ್ ಇಟ್ಟುಕೊಳ್ಳುವ ರೂಢಿ ಇದೆ. ಅದು ಜಾರಿದರೆ ಬಟ್ ಕೂಡ ಜಾರುತ್ತದೆ. ದಪ್ಪ ಬಟ್ಟೆಯ ಅಂಗಿ ಅದಕ್ಕಿಂತ ಲೇಸು.

ಪ್ರಶ್ನೆ: ನಿಂತು ಗುರಿ ಹಿಡಿದಾಗ ಎಲ್ಲವೂ ಸರಿ ಇರುತ್ತದೆ. ಆದರೂ ಗುಂಡು ಪ್ರತಿ ಸಲ ಗುರಿಯ ಕೆಳಗೇ ಬೀಳುತ್ತದೆ. ಹಾರಿಸುವ ಕ್ಷಣದಲ್ಲಿ ನಾನು ಕಣ್ಣು ಮುಚ್ಚುತ್ತೇನೆ ಎಂದು ಗೆಳೆಯ ಹೇಳುತ್ತಾನೆ. ನನಗೆ ಹಾಗೆ ಅನಿಸುವುದಿಲ್ಲ.
— ಯುವಕ, ಯಲಬುರ್ಗಾ

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ನಿಜವಿರಬೇಕು. ಕಣ್ಣು ಮುಚ್ಚುವುದು ಮುಚ್ಚುವವನಿಗೆ ತಿಳಿಯುವುದೇ ಇಲ್ಲ.

ಒಂದು ಸಂಗತಿಯನ್ನು ಮನಸ್ಸಿನಲ್ಲಿ ನೆಟ್ಟುಕೊಳ್ಳಿ. ಬಂದೂಕಿನ ಕುದುರೆ ಬಿದ್ದ ಮೇಲೆ ಗುಂಡು ನಳಿಕೆಯಿಂದ ಹೊರಬೀಳಲು ಬೇಕಾದ ಹೊತ್ತು ಸೆಕೆಂಡಿನ ಸಾವಿರದ ಕೆಲವೇ ಭಾಗಗಳು. ಸದ್ದು ಕೇಳಿ, ಪೆಟ್ಟು ತಾಗಿ ಮನುಷ್ಯನ ಮೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಬೇಕು. ಅಂದರೆ ನಿಮ್ಮ ಮೈಗೆ ಒದೆತ ತಿಳಿಯುವ ಹೊತ್ತಿಗೆ ಗುಂಡು ಹೊರಟು ಹೋಗಿರುತ್ತದೆ. ಒದೆತ ಗುರಿಯನ್ನು ಕೆಡಿಸಿತು ಎಂದು ಹೇಳುವವರಲ್ಲಿ ಹೆಚ್ಚಿನವರ ಗುರಿಯನ್ನು ಕೆಡಿಸಿದ್ದು ಒದೆತವಲ್ಲ. ಅದು ಬರುತ್ತದೆಂಬ ನಿರೀಕ್ಷೆ. ಪೆಟ್ಟು ಬೀಳುವ ಮೊದಲೇ ಹೆಗಲು ಮುಂದಕ್ಕೆ ನೂಕುತ್ತದೆ, ಮುಷ್ಟಿ ಬಿಗಿಯುತ್ತದೆ, ಬೆರಳು ಟ್ರಿಗರನ್ನು ಥಟ್ಟನೆ ಕಿತ್ತುಕೊಳ್ಳುತ್ತದೆ. ನಳಿಕೆಯ ಮೂತಿ ಕೆಳಗಿಳಿಯುತ್ತದೆ, ಗುಂಡೂ ಕೆಳಗೇ ಬೀಳುತ್ತದೆ.

ಇದಕ್ಕೆ ಹಳೆಯ, ನಂಬಬಹುದಾದ ಮದ್ದೊಂದಿದೆ. ಫೈರಿಂಗ್ ರೇಂಜಿನಲ್ಲಿ, ತಿಳಿದವರ ಎದುರಿಗೆ, ಗೆಳೆಯನ ಕೈಯಿಂದ ಬಂದೂಕು ತುಂಬಿಸಿ. ಅದರೊಳಗೆ ನಿಜದ ತೋಟಾ ಇದೆಯೋ ಡಮ್ಮಿ ತೋಟಾ ಇದೆಯೋ ನಿಮಗೆ ತಿಳಿಯಬಾರದು. ಡಮ್ಮಿ ಇದ್ದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಕೆಯ ಮೂತಿ ತಲೆಬಾಗುವುದನ್ನು ನೀವೇ ನೋಡುತ್ತೀರಿ. ನಾನು ತರಬೇತಿ ಕೊಟ್ಟ ದಿನಗಳಲ್ಲಿ, ತಮಗೆ ಯಾವ ಹೆದರಿಕೆಯೂ ಇಲ್ಲ ಎಂದು ಹೇಳಿದವರ ಮುಖದಲ್ಲಿ ಆ ಕ್ಷಣ ಮೂಡುವ ಬೆರಗನ್ನು ಎಷ್ಟೋ ಸಲ ಕಂಡಿದ್ದೇನೆ. ತಪ್ಪು ಕಂಡ ಮೇಲೆ ಅರ್ಧ ಕೆಲಸ ಮುಗಿದಂತೆ. ನಿಜದ ಒಂದು ತೋಟಾಕ್ಕೆ ನಾಲ್ಕೈದು ಡಮ್ಮಿ ಬೆರೆಸಿ ಅಭ್ಯಾಸ ಮಾಡಿ. ಮೂತಿ ಅಲುಗದೆ ನಿಲ್ಲುವವರೆಗೂ ಬಿಡಬೇಡಿ.

ಟ್ರಿಗರನ್ನು ಎಳೆಯುವುದಲ್ಲ, ಒತ್ತುತ್ತ ಹೋಗುವುದು. ಬೆರಳಿನ ತುದಿಯ ಮೆತ್ತನೆಯ ಭಾಗದಿಂದ ನೇರ ಹಿಂದಕ್ಕೆ, ಒಂದೇ ಸಮನೆ. ಗುಂಡು ಯಾವಾಗ ಹಾರುತ್ತದೆ ಎಂದು ನಿಮಗೇ ಖಚಿತವಾಗಿ ಗೊತ್ತಿರದಷ್ಟು ನಿಧಾನವಾಗಿ ಒತ್ತಿ. ಗೊತ್ತಿರದ ಪೆಟ್ಟಿಗೆ ಮೈ ಮೊದಲೇ ಹೆದರಲಾರದು.

ಕಿವಿಗಳನ್ನೂ ಮರೆಯಬೇಡಿ. ಹನ್ನೆರಡು ಬೋರಿನ ಸದ್ದು 150 ಡೆಸಿಬಲ್ ದಾಟುತ್ತದೆ. 140 ದಾಟಿದ ಸದ್ದು ಒಂದೇ ಸಲ ಕೇಳಿದರೂ ಕಿವಿಗೆ ಶಾಶ್ವತ ಹಾನಿಯಾಗಬಹುದು. ಹೊಸಬರು ಒದೆತಕ್ಕೆ ಹೆದರಿದ್ದೇವೆ ಎಂದುಕೊಳ್ಳುತ್ತಾರೆ, ನಿಜವಾಗಿ ಎಷ್ಟೋ ಮಂದಿ ಹೆದರಿರುವುದು ಸದ್ದಿಗೆ. ಇಯರ್ ಮಫ್ ಹಾಕಿಸಿದ ಕೂಡಲೇ ಕೈ ತಣ್ಣಗಾದವರನ್ನು ನೋಡಿದ್ದೇನೆ.

ಪ್ರಶ್ನೆ: ನಾನು ಎನ್‌ಸಿಸಿ ಕೆಡೆಟ್. ಪಾಯಿಂಟ್ 22 ರೈಫಲ್‌ನಲ್ಲಿ ನನ್ನ ಗ್ರೂಪಿಂಗ್ ಚೆನ್ನಾಗಿದೆ. ದೊಡ್ಡ ರೈಫಲ್ ಹಿಡಿಯಲು ನಿನ್ನ ಮೈಯಲ್ಲಿ ಬಲ ಸಾಲದು ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ?
— ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಇಲ್ಲ ತಂಗಿ, ನಿಜವಲ್ಲ. ನಿನ್ನ ಕೈಯಲ್ಲಿರುವ ಪಾಯಿಂಟ್ 22 ರೈಫಲ್‌ನ ಗುಂಡು ಬರಿ ಎರಡೂವರೆ ಗ್ರಾಂ. ಅದರ ಒದೆತ ಹೆಗಲಿಗೆ ತಿಳಿಯುವುದೇ ಇಲ್ಲ. ಎಳೆಯ ಕೆಡೆಟ್‌ಗಳ ಕೈಗೆ ಮೊದಲು ಅದನ್ನೇ ಕೊಡುವುದು ಇದಕ್ಕಾಗಿಯೇ. ಒದೆತದ ಗದ್ದಲವಿಲ್ಲದೆ ಉಸಿರು, ಕೆನ್ನೆ, ಬೆರಳು ಈ ಮೂರನ್ನೂ ಮೈಗೂಡಿಸಿಕೊಳ್ಳಬಹುದು. ಮುಂದೆ ಇನ್ಸಾಸ್ ರೈಫಲ್ ಸಿಕ್ಕರೂ ಗಾಬರಿ ಬೇಡ. ಅದರ 5.56 ಮಿ.ಮೀ. ಗುಂಡು 4 ಗ್ರಾಂ ಆಸುಪಾಸು, ರೈಫಲ್‌ನ ತೂಕ 4 ಕೆ.ಜಿ. ಮೀರುತ್ತದೆ. ಒದೆತದ ಶಕ್ತಿ ನಿಮ್ಮೂರಿನ ರೈತರ ಹನ್ನೆರಡು ಬೋರಿನ ಏಳೆಂಟನೇ ಒಂದು ಪಾಲಿನಷ್ಟು ಮಾತ್ರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹನ್ನೆರಡು ಬೋರಿನ ಟ್ರ್ಯಾಪ್ ಸ್ಪರ್ಧೆಗೆ ನಮ್ಮ ದೇಶದಿಂದ ರಾಜೇಶ್ವರಿ ಕುಮಾರಿ, ಶ್ರೇಯಸಿ ಸಿಂಗ್ ಇಳಿದಿದ್ದರು. ಇಲ್ಲಿ ಕೆಲಸ ಮಾಡುವುದು ರಟ್ಟೆಯ ಬಲವಲ್ಲ, ಎಲುಬುಗಳ ಜೋಡಣೆ.

ಮಲಗಿ ಹಾರಿಸುವಾಗ ಒಂದು ಎಚ್ಚರ ಬೇಕು. ನಿಂತಾಗ ಒದೆತಕ್ಕೆ ಮೈ ಹಿಂದಕ್ಕೆ ತೂಗುತ್ತದೆ. ನೆಲಕ್ಕೆ ಅಂಟಿದ ಮೈ ತೂಗಲಾರದು, ಹಾಗಾಗಿ ಒದೆತ ತುಸು ಹೆಚ್ಚೆನಿಸುತ್ತದೆ. ಮೈಯನ್ನು ರೈಫಲ್‌ಗೆ ಬಹಳ ಓರೆ ಮಾಡಿ ಮಲಗಿದರೆ ಪೆಟ್ಟು ಹೆಗಲಿನ ಒಂದು ಮೂಲೆಗೇ ಬೀಳುತ್ತದೆ. ಆದಷ್ಟು ರೈಫಲ್‌ನ ಹಿಂದೆಯೇ ಬಾ.

ಗುರಿ ಹಿಡಿದ ಮೇಲೆ ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ತೆರೆದು ನೋಡು. ರೈಫಲ್ ಗುರಿಯಿಂದ ಎಡಕ್ಕೋ ಬಲಕ್ಕೋ ಸರಿದಿದ್ದರೆ ಅದನ್ನು ಕೈಯಿಂದ ಎಳೆದು ತರಬೇಡ. ಸೊಂಟ, ಕಾಲುಗಳನ್ನು ಸರಿಸಿ ಮೈಯನ್ನೇ ತಿರುಗಿಸು. ಕೈಬಲದಿಂದ ಹಿಡಿದಿಟ್ಟ ಗುರಿಯನ್ನು ಒದೆತ ಚದುರಿಸುತ್ತದೆ. ಮೈ ತಾನಾಗಿ ತೋರುವ ಗುರಿಗೆ ರೈಫಲ್ ಒದೆತದ ನಂತರವೂ ಮರಳಿ ಬಂದು ನಿಲ್ಲುತ್ತದೆ. ಉಸಿರನ್ನು ಅರ್ಧ ಬಿಟ್ಟು, ಆ ನಿಲುಗಡೆಯಲ್ಲಿ ಒತ್ತು. ಏಳೆಂಟು ಸೆಕೆಂಡಿನೊಳಗೆ ಹಾರದಿದ್ದರೆ ಬೆರಳು ತೆಗೆದು ಮತ್ತೆ ಮೊದಲಿನಿಂದ ಶುರು ಮಾಡು. ಹಾರಿಸದೆ ಬಿಡುವುದನ್ನು ಕಲಿಯುವುದೂ ಈ ವಿದ್ಯೆಯ ಒಂದು ಭಾಗ.

ಪ್ರಶ್ನೆ: ನಮ್ಮ ಅಜ್ಜ, ಮುತ್ತಜ್ಜ ಎಲ್ಲರೂ ಬೇಟೆಗಾರರು. ಯುಗಾದಿಗೆ ಊರವರೆಲ್ಲ ಸೇರಿ ಮೊಲದ ಬೇಟೆಗೆ ಹೋಗುತ್ತಿದ್ದರು. ನನಗೂ ಬೇಟೆಗಾರನಾಗುವ ಆಸೆ. ಅಭ್ಯಾಸವನ್ನು ಎಲ್ಲಿಂದ ಶುರು ಮಾಡಲಿ?
— ಪದವೀಧರ, ಕೊಪ್ಪಳ

ಉತ್ತರ: ನಿಮ್ಮ ಆಸೆಯನ್ನು ಹಗುರವಾಗಿ ಕಾಣಲಾರೆ. ಈ ಸೀಮೆಗೆ ಆಯುಧದ ನೆನಪು ಆಳವಾಗಿದೆ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ಹಲಗಲಿಯ ಬೇಡರು ಎದ್ದು ನಿಂತರು. ಮರು ವರ್ಷ ಮುಂಡರಗಿ ಭೀಮರಾಯ ನಿಮ್ಮ ಕೊಪ್ಪಳದ ಕೋಟೆಯಲ್ಲೇ ಹೋರಾಡಿ ಮಡಿದ. ಗಂಗಾವತಿಯ ಹತ್ತಿರದ ಹಿರೇಬೆಣಕಲ್ ಗುಡ್ಡದ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನ ಪ್ರಾಣಿಗಳ, ಆಯುಧ ಹಿಡಿದವರ ಚಿತ್ರ ಬರೆದಿಟ್ಟಿದ್ದಾರೆ. ಬೇಟೆ ಇಲ್ಲಿನ ಬಾಳಿನ ಭಾಗವಾಗಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಆ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಬಲೆ ಒಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಅದಕ್ಕೆ ಯತ್ನಿಸುವುದೂ ಬೇಟೆಯೇ. ಹಬ್ಬದ ಹೆಸರಿನಲ್ಲಿ ನಡೆಯುವ ಮೊಲದ ಬೇಟೆಗೂ ವಿನಾಯಿತಿ ಇಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆಹೊಲಗಳಲ್ಲಿ ಹಿಂಡಾಗಿ ಕಾಣುವ ಚಿಗರಿ, ಅಂದರೆ ಕೃಷ್ಣಮೃಗ, ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷ ಸೆರೆವಾಸ. ಗಂಗಾವತಿ ತಾಲ್ಲೂಕಿನ ಬಂಕಾಪುರ ಈಗ ತೋಳಧಾಮ. ತೋಳಗಳಿಗೂ ಮೊಲ, ಚಿಗರಿ ಬೇಕು. ನಿಮ್ಮ ಮುತ್ತಜ್ಜನ ಕಾಲದಲ್ಲಿ ಕುರುಚಲು ಕಾಡು ಎಷ್ಟು ಹಬ್ಬಿತ್ತು, ಈಗ ಎಷ್ಟು ಉಳಿದಿದೆ ಎಂಬುದನ್ನು ನೀವೇ ನೋಡಿರುತ್ತೀರಿ. ಅವರು ಮಾಡಿದ್ದನ್ನು ನಾವು ಮಾಡಿದರೆ ಉಳಿಯುವುದು ಬಂಡೆಯ ಮೇಲಿನ ಚಿತ್ರ ಮಾತ್ರ.

ಬೇಟೆ ಹೋದರೂ ಗುರಿಯ ವಿದ್ಯೆ ಹೋಗಬೇಕಾಗಿಲ್ಲ. ಕೊಡಗಿನವರನ್ನು ನೋಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ, ಬಂದೂಕು ಅವರ ಮನೆಯಲ್ಲಿ ಪೂಜೆಗೊಳ್ಳುವ ವಸ್ತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಹೂವಿಟ್ಟು, ಆಮೇಲೆ ಮರದ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮಾಡುತ್ತಾರೆ. ಪ್ರಾಣಿಯ ಜಾಗಕ್ಕೆ ತೆಂಗಿನಕಾಯಿ ಬಂದರೂ ಕೈಯ ಹದ, ಕಣ್ಣಿನ ಚುರುಕು, ಊರವರ ಸಂಭ್ರಮ ಯಾವುದೂ ಕಡಿಮೆಯಾಗಿಲ್ಲ.

ನೀವು ಹತ್ತು ಮೀಟರ್ ಏರ್ ರೈಫಲ್‌ನಿಂದ ಶುರು ಮಾಡಿ. 4.5 ಮಿ.ಮೀ. ವ್ಯಾಸದ, 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಡ. ಆದರೆ ಅದನ್ನು ಹಕ್ಕಿಯ ಮೇಲೆ ತಿರುಗಿಸಿದರೆ ಅದೂ ಬೇಟೆಯೇ. ರಾಜ್ಯದಲ್ಲಿ ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ ಹೆಸರು ಕೊಡಿ. ಸ್ಪರ್ಧೆಯ ದಾರಿ ಹಿಡಿಯುವುದಾದರೆ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್ ಇದೆ.

ಪ್ರಶ್ನೆ: ಮೆಕ್ಕೆಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಹಿಂಡು ಬರ್ತದ. ಒಂದೇ ರಾತ್ರಿ ಅರ್ಧ ಎಕರೆ ನೆಲಸಮ. ಮಂಚಿಗಿ ಮೇಲೆ ಕುಂತು ಹೊಡಿಯೋಣ ಅಂದ್ರ ಕತ್ತಲದಾಗ ಗುರಿ ಸಿಗೂದಿಲ್ಲ. ರಾತ್ರಿ ಗುರಿ ಅಭ್ಯಾಸ ಮಾಡೋದು ಹೆಂಗ್ರಿ?
— ರೈತ, ಯಲಬುರ್ಗಾ ತಾಲ್ಲೂಕು

ಉತ್ತರ: ಬೆಳೆದ ಪೈರು ಒಂದು ರಾತ್ರಿಯಲ್ಲಿ ಮಣ್ಣುಪಾಲಾದಾಗ ಆಗುವ ಸಂಕಟ ಸಣ್ಣದಲ್ಲ. ಆದರೂ ಎರಡು ಮಾತು ಹೇಳಲೇಬೇಕು.

ಮೊದಲನೆಯದು ಕಾನೂನು. ಬೆಳೆ ರಕ್ಷಣೆಗೆ ಬಂದೂಕಿನ ಪರವಾನಗಿ ಸಿಕ್ಕಿದೆ ಎಂದ ಮಾತ್ರಕ್ಕೆ ಹಂದಿ ಕೊಲ್ಲುವ ಅನುಮತಿ ಸಿಕ್ಕಂತಲ್ಲ. ಬಂದೂಕಿನ ಪರವಾನಗಿ 1959ರ ಆಯುಧ ಕಾಯ್ದೆಯದು. ಕಾಡುಹಂದಿ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶ ನೀಡಬಹುದು. ಆ ಕಾಗದವಿಲ್ಲದೆ ಟ್ರಿಗರ್ ಮುಟ್ಟಬೇಡಿ. ವಲಯ ಅರಣ್ಯಾಧಿಕಾರಿಗಳಿಗೆ ಅರ್ಜಿ ಕೊಡಿ, ಬೆಳೆಹಾನಿ ಪರಿಹಾರಕ್ಕೂ ಅದೇ ದಿನ ಫೋಟೊ ಸಮೇತ ಬರೆದುಕೊಡಿ.

ಎರಡನೆಯದು ಕತ್ತಲು. ರಾತ್ರಿ ಗುರಿಯ ಅಭ್ಯಾಸ ಹೇಳಿಕೊಡಿ ಎಂದಿರಿ. ನಾನು ಕಲಿಸುವುದು ರಾತ್ರಿ ಹಾರಿಸದಿರುವುದನ್ನು. ಮೆಕ್ಕೆಜೋಳ ಆಳೆತ್ತರ ಬೆಳೆದಿದೆ. ಸರಸರ ಸದ್ದು ಕೇಳುತ್ತದೆ. ಅದು ಹಂದಿಯೋ, ನೀರು ಬಿಡಲು ಬಂದ ಪಕ್ಕದ ಹೊಲದವರೋ? ಸದ್ದಿಗೆ, ನೆರಳಿಗೆ, ಮಿನುಗುವ ಕಣ್ಣಿಗೆ ಗುಂಡು ಹಾರಿಸಿ ಮನುಷ್ಯರನ್ನೇ ಕಳೆದುಕೊಂಡ ಊರುಗಳು ನಮ್ಮ ರಾಜ್ಯದಲ್ಲೇ ಇವೆ. ಪ್ರಾಣಿಯ ಇಡೀ ಆಕಾರ ಕಾಣದೆ, ಅದರ ಹಿಂದೆ ಏನಿದೆ ಎಂಬುದು ಕಾಣದೆ ಹಾರಿಸುವಂತಿಲ್ಲ. ನಿಮ್ಮದು ಬಯಲು ಸೀಮೆ, ಗುಂಡನ್ನು ತಡೆಯಲು ಗುಡ್ಡದ ಮಣ್ಣಿಲ್ಲ. ಸಣ್ಣ ಚರೆ ಕೂಡ ಇನ್ನೂರು ಮೀಟರ್ ದಾಟುತ್ತದೆ. ದಪ್ಪ ಚರೆ ಆರುನೂರು, ಏಳುನೂರು ಮೀಟರ್ ಹೋಗುತ್ತದೆ. ಪಾಯಿಂಟ್ 22ರಂಥ ಪುಟ್ಟ ಗುಂಡೂ ಒಂದೂವರೆ ಕಿಲೋಮೀಟರ್ ಹಾರಬಲ್ಲದು. ಅಷ್ಟು ದೂರದಲ್ಲಿ ಯಾರ ಗುಡಿಸಲಿದೆ, ಯಾರ ಕುರಿಹಟ್ಟಿ ಇಳಿದಿದೆ ಎಂದು ಮಂಚಿಗೆಯ ಮೇಲಿಂದ ಕಾಣುವುದಿಲ್ಲ.

ಹಂದಿಗೆ ಸುಮ್ಮನೆ ಗಾಯವಾದರೆ ಅದು ಬೆಳೆಯೊಳಗೇ ಅವಿತಿರುತ್ತದೆ. ಬೆಳಿಗ್ಗೆ ಅದರ ಎದುರಿಗೆ ಸಿಗುವವರು ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು.

ಹಾಗಾದರೆ ಏನು ಮಾಡಬೇಕು? ಹೊಲದ ಸುತ್ತ ಹಳೆಯ ಸೀರೆ ಕಟ್ಟುವುದು ನಿಮಗೆ ಗೊತ್ತೇ ಇದೆ. ಅದರ ಜೊತೆ ದೀಪ, ಸದ್ದು, ಕಾವಲನ್ನು ಸರದಿಯಲ್ಲಿ ಬದಲಿಸುತ್ತಿರಿ. ಒಂದೇ ಉಪಾಯ ವಾರದಲ್ಲಿ ಹಂದಿಗೆ ರೂಢಿಯಾಗುತ್ತದೆ. ನಾಲ್ಕಾರು ಹೊಲದವರು ಕೂಡಿ ಸೋಲಾರ್ ಬೇಲಿ ಹಾಕಿಸಿ. ಅದರ ಕರೆಂಟು ಕ್ಷಣಕಾಲದ ಮಿಡಿತ, ಹೊಡೆತ ಕೊಡುತ್ತದೆ, ಕೊಲ್ಲುವುದಿಲ್ಲ. ಕಂಬದ ಲೈನಿನಿಂದ ನೇರ ತಂತಿ ಎಳೆಯುವುದು ಮಾತ್ರ ಬೇಡವೇ ಬೇಡ. ಅದು ಅಪರಾಧವೂ ಹೌದು, ಕತ್ತಲಲ್ಲಿ ಮನುಷ್ಯರನ್ನು ಕೊಲ್ಲುವ ಬಲೆಯೂ ಹೌದು. ಹಿಟ್ಟಿನಲ್ಲಿ ಸಿಡಿಮದ್ದು ಸುತ್ತಿಡುವುದೂ ಅಷ್ಟೇ, ಅದನ್ನು ಮೊದಲು ಕಚ್ಚುವುದು ನಿಮ್ಮದೇ ದನವಾಗಿರಬಹುದು.

ಪ್ರಶ್ನೆ: ತಂದೆಯ ಕಾಲದ ಜೋಡು ನಳಿಕೆ ಬಂದೂಕಿದೆ. ಮದ್ದು ತುಂಬುವ ಹಳೆಯ ಬಂದೂಕೂ ಒಂದಿದೆ. ಎರಡೂ ಈಚೆಗೆ ವಿಪರೀತ ಒದೆಯುತ್ತಿವೆ. ಮೊಮ್ಮಗನಿಗೆ ಕಲಿಸುವ ಆಸೆಯಿದೆ.
— ನಿವೃತ್ತ ಶಿಕ್ಷಕ, ಗಂಗಾವತಿ

ಉತ್ತರ: ಗುರುಗಳೇ, ಹಳೆಯ ಬಂದೂಕು ಒಮ್ಮೆಲೇ ಹೆಚ್ಚು ಒದೆಯತೊಡಗಿದರೆ ಅದು ದೂರು ಹೇಳುತ್ತಿದೆ ಎಂದೇ ತಿಳಿಯಿರಿ. ಇನ್ನು ಹಾರಿಸದೆ ಮೊದಲು ಪರೀಕ್ಷೆ ಮಾಡಿಸಿ.

ಜೋಡು ನಳಿಕೆಯದರಲ್ಲಿ ತೋಟಾದ ಉದ್ದ ನೋಡಬೇಕು. ಹಳೆಯ ಎಷ್ಟೋ ಬಂದೂಕುಗಳ ತೋಟಾ ಕೋಣೆ 65 ಮಿ.ಮೀ. ಉದ್ದದ್ದು. ಈಗ ಅಂಗಡಿಯಲ್ಲಿ ಸಿಗುವ ತೋಟಾಗಳಲ್ಲಿ ಹೆಚ್ಚಿನವು 70 ಮಿ.ಮೀ. ಮೋಸವೆಂದರೆ 70ರ ತೋಟಾ 65ರ ಕೋಣೆಯಲ್ಲೂ ಸಲೀಸಾಗಿ ಕೂರುತ್ತದೆ, ಏಕೆಂದರೆ ಆ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹಾರುವಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಅದರ ಬಾಯಿ ನಳಿಕೆಯೊಳಕ್ಕೆ ಚಾಚುತ್ತದೆ, ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಒದೆತ ಹೆಚ್ಚುವುದು ಅದರ ಗುರುತು, ನಳಿಕೆ ಒಡೆಯುವುದು ಅದರ ಕೊನೆ. ನಳಿಕೆಯ ಅಡಿಯಲ್ಲಿ ಕೆತ್ತಿದ ಅಳತೆಯನ್ನು ತಿಳಿದವರಿಂದ ಓದಿಸಿ, ಅದಕ್ಕೆ ಸರಿಯಾದ ತೋಟಾವನ್ನೇ ತನ್ನಿ.

ಮದ್ದು ತುಂಬುವ ಬಂದೂಕಿನಲ್ಲಿ ಕಾರಣ ಹೆಚ್ಚಾಗಿ ಕೈಯಳತೆ. ಆಯುಧ ಕಾಯ್ದೆ ಬೆಳೆ ರಕ್ಷಣೆಗೆಂದು ಮೊದಲು ಹೆಸರಿಸುವುದೇ ಈ ಬಗೆಯ ಬಂದೂಕನ್ನು. ಹಾಗಾಗಿ ನಮ್ಮ ಕಡೆ ಇನ್ನೂ ಇವೆ. ಒಂದು ಚಿಟಿಕೆ ಹೆಚ್ಚು ಹಾಕಿದರೆ ದೂರ ಹೋಗುತ್ತದೆ ಎಂಬ ನಂಬಿಕೆಯೇ ಅಪಾಯ. ಒಮ್ಮೆ ತುಂಬಿದ್ದನ್ನು ಮರೆತು ಮತ್ತೆ ತುಂಬಿದವರು ಬೆರಳು, ಕಣ್ಣು ಕಳೆದುಕೊಂಡಿದ್ದಾರೆ. ಮದ್ದು ಒತ್ತುವ ಗಜದ ಮೇಲೆ ಖಾಲಿ ನಳಿಕೆಯ ಆಳಕ್ಕೆ ಒಂದು ಗೆರೆ ಹಾಕಿಟ್ಟುಕೊಳ್ಳಿ. ತುಂಬುವ ಮೊದಲು ಗಜ ಇಳಿಸಿ ನೋಡಿ. ಗೆರೆ ಮೇಲಿದ್ದರೆ ಒಳಗೆ ಏನೋ ಇದೆ.

ಮೊಮ್ಮಗನ ವಿಷಯ. ಪರವಾನಗಿ ವ್ಯಕ್ತಿಗೆ ಸೇರಿದ್ದು, ಮನೆಗಲ್ಲ. ತಂದೆಯ ಬಂದೂಕು ನಿಮ್ಮ ಹೆಸರಿನ ಪರವಾನಗಿಗೆ ಸೇರಿರಬೇಕು, ಇಲ್ಲದಿದ್ದರೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ಅರ್ಜಿ ಹಾಕಿ. 21 ತುಂಬದವರಿಗೆ ಸಾಮಾನ್ಯವಾಗಿ ಪರವಾನಗಿ ಸಿಗುವುದಿಲ್ಲ. ತುಂಬಿದವರೂ 2016ರ ಆಯುಧ ನಿಯಮಗಳಂತೆ ಸುರಕ್ಷತಾ ತರಬೇತಿ ಪಡೆದಿರಬೇಕು. ಮೊಮ್ಮಗನನ್ನು ಆ ತರಬೇತಿಗೇ ಕಳುಹಿಸಿ. ನೀವು ಮನೆಯಲ್ಲಿ ಬಂದೂಕನ್ನು ಒರೆಸುವುದು, ಇಡುವುದು, ಗೌರವಿಸುವುದು ಹೇಗೆಂದು ತೋರಿಸಿ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಚಟ ಅವನ ಹತ್ತಿರ ಸುಳಿಯದಿರಲಿ. 2019ರ ತಿದ್ದುಪಡಿಯ ನಂತರ ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸವಿದೆ.

ಚುಟುಕು ಪ್ರಶ್ನೆಗಳು

ತೋಟಾ ದುಬಾರಿ, ಹಾರಿಸದೆ ಅಭ್ಯಾಸ ಆಗುತ್ತದೆಯೇ? (ಕುಷ್ಟಗಿ)
ಆಗುತ್ತದೆ, ಹೆಚ್ಚಿನ ಅಭ್ಯಾಸ ಅದೇ ಆಗಿರಬೇಕು. ತೋಟಾಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕಿ. ನಳಿಕೆ ಖಾಲಿ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಡಮ್ಮಿ ತೋಟಾ ಹಾಕಿ, ಕಲ್ಲಿನ ಗೋಡೆಯ ಕಡೆಗೆ ದಿನಕ್ಕೆ ಹತ್ತು ನಿಮಿಷ ಹೆಗಲಿಗೇರಿಸಿ, ಕೆನ್ನೆ ಇಟ್ಟು, ಒತ್ತಿ. ಮನೆಮಂದಿ ಆ ಗೋಡೆಯ ಆಚೆ ಇರಬಾರದು.

ಯಾವ ಕಣ್ಣಿನಿಂದ ಗುರಿ ಹಿಡಿಯಬೇಕು? (ಕೊಪ್ಪಳ)
ಎರಡೂ ಅಂಗೈ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಕಂಬವೊಂದನ್ನು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಕಂಬ ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿಮ್ಮ ಯಜಮಾನ ಕಣ್ಣು. ಬಂದೂಕು ಆ ಕಡೆಯ ಹೆಗಲಿಗೆ ಬರುವುದು ಒಳ್ಳೆಯದು.

ದಿನಕ್ಕೆ ಎಷ್ಟು ಹಾರಿಸಬಹುದು? (ಯಲಬುರ್ಗಾ)
ಹನ್ನೆರಡು ಬೋರಿನಲ್ಲಿ ಹೊಸಬರಿಗೆ ಹತ್ತು ಸಾಕು. ಹೆಗಲು ನೋಯತೊಡಗಿದ ಮೇಲೆ ಹಾರಿಸುವ ಪ್ರತಿ ಗುಂಡೂ ಹೆದರಿಕೆಯನ್ನೇ ಕಲಿಸುತ್ತದೆ.

ಪ್ರಶ್ನೆ: ನಮ್ಮ ಮನೆಯವರು ಹೊಲ ಕಾಯಲು ದಿನಾ ರಾತ್ರಿ ಬಂದೂಕು ಹಿಡಿದು ಹೋಗುತ್ತಾರೆ. ಅವರು ಬರುವವರೆಗೂ ನನಗೆ ನಿದ್ದೆ ಇಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ನಾನು ಏನು ಕೇಳಬೇಕು, ಏನು ಹೇಳಬೇಕು ತಿಳಿಯುವುದಿಲ್ಲ.
— ಗೃಹಿಣಿ, ಕೊಪ್ಪಳ ತಾಲ್ಲೂಕು

ಉತ್ತರ: ತಾಯಿ, ಬಂದೂಕು ಹಿಡಿಯದ ನಿಮ್ಮ ಪತ್ರವೇ ಬಂದೂಕಿನ ಬಗ್ಗೆ ಬಂದ ಎಲ್ಲ ಪತ್ರಗಳಿಗಿಂತ ಮುಖ್ಯವಾದದ್ದು. ಮೇಲೆ ಒಬ್ಬರಿಗೆ ಬರೆದೆ, ಒದೆತ ತಿಳಿಯುವ ಮೊದಲೇ ಗುಂಡು ಹೊರಟಿರುತ್ತದೆ ಎಂದು. ಸರಿತಪ್ಪುಗಳೂ ಹಾಗೆಯೇ. ಟ್ರಿಗರ್ ಒತ್ತಿದ ಮೇಲೆ ಸರಿಪಡಿಸಲು ಏನೂ ಉಳಿಯುವುದಿಲ್ಲ. ಸರಿ ಮಾಡಬೇಕಾದುದೆಲ್ಲ ಅದಕ್ಕೂ ಮೊದಲೇ ಇದೆ, ಅದರಲ್ಲಿ ಬಹುಪಾಲು ನಿಮ್ಮ ಮನೆಯೊಳಗೇ ಇದೆ.

ಅವರು ಹೊರಡುವಾಗ ಮೂರು ಮಾತು ಕೇಳಿ. ಅರಣ್ಯ ಇಲಾಖೆಯ ಕಾಗದ ಇದೆಯೇ? ಇಂದು ರಾತ್ರಿ ಪಕ್ಕದ ಹೊಲಗಳಲ್ಲಿ ಯಾರು ನೀರು ಕಟ್ಟುತ್ತಿದ್ದಾರೆ? ಕುಡಿದಿಲ್ಲ ತಾನೆ? ಒಂದಕ್ಕೆ ಸರಿಯಾದ ಉತ್ತರ ಬರದಿದ್ದರೂ ಬಂದೂಕು ಮನೆಯಲ್ಲೇ ಇರಲಿ, ಬ್ಯಾಟರಿ ಮತ್ತು ತಮಟೆ ಹೊಲಕ್ಕೆ ಹೋಗಲಿ. ಬೇಸರಪಟ್ಟುಕೊಂಡರೆ ಈ ಪುಟ ತೋರಿಸಿ.

ಅವರು ಮರಳುವಾಗ ಹೊಸಿಲಿನ ಹೊರಗೇ ತೋಟಾ ತೆಗೆಯುವ ರೂಢಿ ಮಾಡಿಸಿ. ಚಪ್ಪಲಿ ಹೊರಗೆ ಬಿಡುವಂತೆಯೇ ಇದೂ ಮನೆಯ ನಿಯಮವಾಗಲಿ. ನಳಿಕೆ ಬಾಗಿ ತೆರೆದಿರಬೇಕು, ಅದರ ಈಚೆಯಿಂದ ನೋಡಿದರೆ ಆಚೆಯ ಬೆಳಕು ಕಾಣಬೇಕು. ಬಂದೂಕು ಒಂದು ಕಪಾಟಿನಲ್ಲಿ, ತೋಟಾ ಇನ್ನೊಂದರಲ್ಲಿ, ಎರಡಕ್ಕೂ ಬೀಗ, ಬೀಗದ ಕೈ ಮಕ್ಕಳ ಕೈಗೆ ಸಿಗದ ಕಡೆ. ತೋಟಾಗಳನ್ನು ಎಣಿಸಿಡಿ. ಎಷ್ಟು ಹೋದವು, ಎಷ್ಟು ಬಂದವು ಎಂಬ ಲೆಕ್ಕ ನಿಮಗೂ ಗೊತ್ತಿರಲಿ.

ಒಂದು ಬೆಳಗಿನ ಜಾವ ಅವರು ಬಂದು, ಹಂದಿ ಬಂದಿತ್ತು, ಅದರ ಹಿಂದೆ ಯಾರೋ ಇದ್ದಂತೆ ಅನಿಸಿತು, ಹಾರಿಸಲಿಲ್ಲ ಎಂದು ಹೇಳಿದರೆ, ನಾಲ್ಕು ಸಾಲು ಜೋಳ ಹೋಯಿತೆಂದು ನೊಂದುಕೊಳ್ಳಬೇಡಿ. ಒಳ್ಳೆಯ ಕೆಲಸ ಮಾಡಿದಿರಿ ಎಂದು ಹೇಳಿ ಚಹಾ ಕಾಯಿಸಿ ಕೊಡಿ. ಎಣಿಸಿ ಕೊಟ್ಟಷ್ಟೂ ತೋಟಾ ಆ ದಿನ ಕಪಾಟಿಗೆ ಮರಳುತ್ತವೆ.